ನೋವಿಗೂ ಒಂದು ಅಂಕಿತ

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ, ಕ್ರಿ.ಶ. 634ರ ಶಾಸನದಲ್ಲಿ, ಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹಾಡಿದ್ದಾನೆ. ಸೋತು ಸೊರಗಿದವರ ಹಾಡನ್ನು ಯಾರು ಬರೆಯಬೇಕು? ಅವರೇ ಬರೆಯಬೇಕು.

ಐಹೊಳೆ ದಾಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆಯ ಆಚೆ ದಡದ ತಂಗಡಗಿ, ಬಸವಣ್ಣನವರ ಮಡದಿ ನೀಲಾಂಬಿಕೆಯವರ ಐಕ್ಯಸ್ಥಳವೆಂಬುದು ಜನರ ನಂಬಿಕೆ. 12ನೇ ಶತಮಾನದಲ್ಲಿ ಶರಣರ ನೆಲೆಯಾಗಿದ್ದ ಕಲ್ಯಾಣ ಪಟ್ಟಣ ರಕ್ತಪಾತ ಕಂಡಿತು. ಶರಣರು ದಿಕ್ಕಾಪಾಲಾದರು, ಬಸವಣ್ಣ ಇಲ್ಲವಾದರು. ನೀಲಾಂಬಿಕೆ ಆ ದುಃಖವನ್ನು ನುಂಗಿಕೊಂಡು ಕೂರಲಿಲ್ಲ. ‘ಸಂಗಯ್ಯ’ ಎಂಬ ಅಂಕಿತದಲ್ಲಿ ವಚನವಾಗಿಸಿದರು. ಬಸವನಿಲ್ಲದ ಮೇಲೆ ತಾನು ಯಾರೆಂದು ಕೇಳಿಕೊಳ್ಳುತ್ತಲೇ ತಮ್ಮದೇ ದನಿಯನ್ನು ಕಂಡುಕೊಂಡರು.

ಹೇಳಿಕೊಂಡ ಮಾತ್ರಕ್ಕೆ ನೋವು ಮಾಯವಾಗದು, ನಿಜ. ಆದರೆ ಅದನ್ನು ಹೊರುವ ಬಲ ಬರುತ್ತದೆ. ನಿಮ್ಮೊಳಗೆ ಹೇಳದೆ ಉಳಿದದ್ದಿದ್ದರೆ ಇಂದು ಒಂದು ಸಾಲು ಬರೆಯಿರಿ. ಬೇರೆಯವರು ತಾವು ಬರೆದದ್ದನ್ನು ಓದಿ ಹೇಳಿದರೆ, ನಡುವೆ ಬಾಯಿ ಹಾಕದೆ ಕೇಳಿರಿ.