ಕಾಯಕಸ್ಥಾನದ ಧರ್ಮ

(ಶ್ರೀಮಠದ ಮಹೋತ್ಸವದ ಅನುಭಾವಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಕಾಯಕಸ್ಥಾನವು ಹೇಗಿದ್ದರೆ ಆರೋಗ್ಯವಾಗಿರುವುದು, ವಿಶೇಷವಾಗಿ ಇಂದಿನ ಕಂಪ್ಯೂಟರ್ ಕಂಪನಿಗಳಲ್ಲಿ ಎಂತಹ ನಡಾವಳಿಯಿರಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಷಟ್‌ಸ್ಥಲವನ್ನೂ ಓದಿದವನಿಗೆ ಕಂಪನಿಯ ಗೊಡವೆಯೇಕೆಂದು ಯಾರಾದರೂ ಕೇಳಬಹುದು. ಆದರೆ ಕಾಯಕದ ವಿಚಾರವು ಶರಣಧರ್ಮಕ್ಕೆ ಹೊರಗಿನದಲ್ಲ; ಕಾಯಕವು ಎಲ್ಲಿ ನಡೆಯುವುದೋ ಅಲ್ಲಿಗೆ ಧರ್ಮದ ಪ್ರಶ್ನೆಯೂ ಹೋಗುವುದು.

ಹಿಂದೆ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯ ಮಕ್ಕಳ ಕಾಯಕವು ಬಹುಮಟ್ಟಿಗೆ ಎರೆಹೊಲದಲ್ಲಿಯೋ ಮಗ್ಗದ ಮುಂದೆಯೋ ಸಾಗುತ್ತಿದ್ದಿತು. ಇಂದು ಅನೇಕ ಮನೆಗಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬೆಂಗಳೂರು, ಪುಣೆ, ಹೈದರಾಬಾದುಗಳ ಕಂಪನಿಗಳಲ್ಲಿ ದುಡಿಯುತ್ತಿರುವರು. ಮಠಕ್ಕೆ ಬರುವ ತಂದೆತಾಯಿಗಳು ಮಗನ ಸಂಬಳವನ್ನು ಸಂತೋಷದಿಂದ ಹೇಳುವರು. ನಡುರಾತ್ರಿ ಕಳೆದರೂ ಅವನ ಕೆಲಸ ಮುಗಿಯದಿರುವುದೇಕೆಂಬುದನ್ನು ಮಾತ್ರ ದನಿ ತಗ್ಗಿಸಿ ಕೇಳುವರು. ಆ ತಗ್ಗಿದ ದನಿಯ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಭಾಷಣದ ಉದ್ದೇಶ.

ಉತ್ತರವು ದೂರದಲ್ಲಿಲ್ಲ, ಪಟ್ಟೆದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದ ಮಗ್ಗದಲ್ಲಿಯೇ ಇದೆ. ಹಾಸಿನ ಒಂದು ಎಳೆ ಹರಿದೊಡನೆ ನೇಕಾರನು ಲಾಳಿಯನ್ನು ನಿಲ್ಲಿಸಿ ಗಂಟು ಹಾಕುವನು. ಹೊತ್ತಾಗುವುದೆಂದು ನಿಲ್ಲಿಸದೆ ನೇಯುತ್ತ ಹೋದರೆ, ಒಂದು ಎಳೆಯ ತಪ್ಪು ಸೀರೆಯ ಉದ್ದಕ್ಕೂ ಓಡುವುದು. ಜಪಾನು ದೇಶದ ಸಕಿಚಿ ಟೊಯೋಡಾ ಎಂಬಾತನು ಇದೇ ತತ್ತ್ವವನ್ನು ಯಂತ್ರಕ್ಕೆ ಕಲಿಸಿದನು. 1924ರಲ್ಲಿ ಸಿದ್ಧವಾದ ಅವನ ಮಗ್ಗವು ಎಳೆ ಹರಿದೊಡನೆ ತಾನೇ ನಿಲ್ಲುತ್ತಿದ್ದಿತು. ಅವನ ಮಗನು 1937ರಲ್ಲಿ ಸ್ಥಾಪಿಸಿದ ಟೊಯೋಟಾ ಮೋಟಾರು ಕಂಪನಿಯಲ್ಲಿ ಈ ನಿಯಮವು ಮುಂದೆ ಮನುಷ್ಯರಿಗೂ ಬಂದಿತು. ಕೆಲಸದಲ್ಲಿ ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನು ತಲೆಯ ಮೇಲಿನ ಹಗ್ಗವನ್ನು ಎಳೆಯಬಹುದು. ಮೇಲಿನವನು ಓಡಿಬಂದು ನೆರವಾಗುವನು. ಅಗತ್ಯವಾದರೆ ಇಡೀ ಸಾಲಿನ ಕೆಲಸವೇ ನಿಲ್ಲುವುದು. ಹಗ್ಗವೆಳೆದವನು ಅಪರಾಧಿಯಲ್ಲ, ಉಪಕಾರಿ. ನನ್ನ ಬಿನ್ನಹದ ಸಾರವೆಲ್ಲ ಇಷ್ಟೇ: ಎಳೆ ಹರಿದಿದೆಯೆಂದು ಕಟ್ಟಕಡೆಯವನೂ ಅಂಜದೆ ಹೇಳಬಲ್ಲ ಸ್ಥಳವೇ ಆರೋಗ್ಯವುಳ್ಳ ಕಾಯಕಸ್ಥಾನ.

ಈ ಮಾತನ್ನು ಕೇಳದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಂದು ದುಃಖದ ನಿದರ್ಶನವುಂಟು. 1986ನೆಯ ಜನವರಿಯಲ್ಲಿ ಚಾಲೆಂಜರ್ ಎಂಬ ಗಗನನೌಕೆಯು ಹೊರಡುವುದಿದ್ದಿತು. ಅದರ ರಾಕೆಟ್ಟುಗಳನ್ನು ಮಾಡಿಕೊಟ್ಟ ಕಂಪನಿಯ ಎಂಜಿನಿಯರುಗಳು, ಚಳಿಗೆ ರಬ್ಬರಿನ ಉಂಗುರಗಳು ಬಿರುಸಾಗಿ ಸಂದು ಬಿಡುವ ಭಯವಿದೆ, ನಾಳೆ ಹಾರಿಸಬೇಡಿರಿ ಎಂದು ಹಿಂದಿನ ರಾತ್ರಿ ವಾದಿಸಿದರು. ಮೇಲಧಿಕಾರಿಗಳು ಆ ಮಾತನ್ನು ತಳ್ಳಿಹಾಕಿದರು. ಮರುದಿನ, ಜನವರಿ 28ರಂದು, ಹಾರಿದ 73 ಸೆಕೆಂಡುಗಳಲ್ಲಿ ನೌಕೆಯು ಒಡೆದು ಏಳು ಜನರು ಮಡಿದರು. ಅಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಧನಕ್ಕೆ ಕೊರತೆಯಿರಲಿಲ್ಲ. ಕೇಳುವ ಕಿವಿಗೆ ಕೊರತೆಯಿದ್ದಿತು.

ಶರಣರು ಈ ಕಿವಿಯನ್ನು ಪಡೆದಿದ್ದರು. ಆಯ್ದಕ್ಕಿ ಮಾರಯ್ಯನವರ ಕಥೆಯು ನಿಮಗೆಲ್ಲ ತಿಳಿದೇ ಇದೆ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರಬೇಕೆಂದರು. ಹೆಂಡತಿಯ ಮಾತೆಂದು ಮಾರಯ್ಯನವರು ಮುನಿಯಲಿಲ್ಲ. ಕೊಂಡೊಯ್ದು ಸುರಿದು ಬಂದರು. ಅಕ್ಕಿ ಆಯುವವರ ಮನೆಯ ಈ ತಾಯಿಯ ಮಾತು ಕಲ್ಯಾಣದ ಶರಣರೆಲ್ಲರಿಗೂ ಪ್ರಮಾಣವಾಯಿತು. ಹೇಳಿದವರು ಯಾರೆಂಬುದನ್ನು ಬಿಟ್ಟು ಹೇಳಿದ್ದು ದಿಟವೇ ಎಂಬುದನ್ನು ನೋಡುವುದೇ ಅನುಭವ ಮಂಟಪದ ರೀತಿ.

ಇಂದಿನ ಕಂಪನಿಗಳಲ್ಲಿ ಒಳ್ಳೆಯದಿಲ್ಲವೆಂದು ನಾನು ಹೇಳುವುದಿಲ್ಲ. 1981ರಲ್ಲಿ ಪುಣೆಯಲ್ಲಿ ಏಳು ಜನರು ಕೂಡಿ ಇನ್ಫೋಸಿಸ್ ಕಂಪನಿಯನ್ನು ತೆಗೆದರು. ಅದು 1983ರಲ್ಲಿ ಬೆಂಗಳೂರಿಗೆ ಬಂದಿತು. ಅವರಲ್ಲಿ ಮುಖ್ಯರಾದ ನಾರಾಯಣಮೂರ್ತಿಯವರು ನಮ್ಮ ನಾಡಿನವರೇ. ಮುಂದೆ 1990ರ ದಶಕದಲ್ಲಿ ಆ ಕಂಪನಿಯು ನೌಕರರಿಗೂ ಷೇರುಗಳಲ್ಲಿ ಪಾಲು ಕೊಟ್ಟಿತು. ಗಳಿಸಿದ್ದನ್ನು ದುಡಿದವರೊಡನೆ ಹಂಚಿಕೊಳ್ಳುವ ಈ ಬುದ್ಧಿಯು ದಾಸೋಹಕ್ಕೆ ಹತ್ತಿರದ್ದೆಂದು ನಾನು ಭಾವಿಸುವೆನು.

ಅದೇ ನಾರಾಯಣಮೂರ್ತಿಯವರು 2023ರಲ್ಲಿ, ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಈ ಮಾತಿಗೆ ಕಾಯಕತತ್ತ್ವದ ಆಧಾರವನ್ನು ಕೊಡುವವರೂ ಇರುವರು. ಅದನ್ನು ನಾನು ವಿನಯದಿಂದ ಒಪ್ಪಲಾರೆನು. ಕಾಯಕವೆಂಬ ಮಾತಿನಲ್ಲಿಯೇ ಕಾಯವಿರುವುದು. ಆ ಕಾಯವನ್ನು ಶರಣರು ದೇವರ ದೇಗುಲವೆಂದು ಬಗೆದರು. ದೇಗುಲವನ್ನು ಕೆಡಹಿ ಪೂಜೆಯನ್ನು ಬೆಳೆಸುವುದುಂಟೇ? ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಪರಿಶೋಧನೆಯಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಮೇಲ್ಪಟ್ಟು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ನೂರಕ್ಕೆ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯವು ನೂರಕ್ಕೆ 17ರಷ್ಟು ಹೆಚ್ಚು. ಲಕ್ಕಮ್ಮನವರು ಬೇಡವೆಂದದ್ದು ಅಳತೆ ಮೀರಿದ ಅಕ್ಕಿಯನ್ನು. ನಾವು ಬೇಡವೆನ್ನಬೇಕಾದುದು ಅಳತೆ ಮೀರಿದ ದುಡಿಮೆಯನ್ನು.

ಅಂಜದೆ ಹೇಳಿರೆಂದರೆ ಸಾಲದು, ಹೇಳಲು ಬಾಗಿಲೊಂದು ಬೇಕು. ನಮ್ಮ ರಾಜ್ಯದ ಸರಕಾರವು 2024ರಲ್ಲಿ ಈ ಕಂಪನಿಗಳಿಗೆ ಕಾರ್ಮಿಕ ಕಾನೂನೊಂದರಿಂದ ವಿನಾಯಿತಿಯನ್ನು ಮುಂದುವರಿಸುವಾಗ, ಮಾಲಿಕರ ಕಡೆಯವರೂ ನೌಕರರ ಕಡೆಯವರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆಯ ಸಮಿತಿಯಿರಬೇಕೆಂದು ಷರತ್ತು ಹಾಕಿತು. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ 2013ರ ಕಾಯಿದೆಯಂತೆ ಆಂತರಿಕ ಸಮಿತಿಯೂ ಇರತಕ್ಕದ್ದು. ಇಂತಹ ಬಾಗಿಲು ಮುಚ್ಚಿದರೆ ನೋವು ಬೀದಿಗೆ ಬರುವುದು. ಇದನ್ನು ನರಗುಂದದವರಿಗೆ ಹೇಳಿಕೊಡಬೇಕಾಗಿಲ್ಲ. ಮಲಪ್ರಭೆಯ ನೀರಾವರಿಯ ಅಭಿವೃದ್ಧಿ ಕರವನ್ನು ತೆರಲಾರೆವೆಂಬ ರೈತರ ಅಹವಾಲಿಗೆ ವೇಳೆಗೆ ಕಿವಿ ದೊರೆಯಲಿಲ್ಲ. 1980ರ ಜುಲೈ 21ರಂದು ರಕ್ತವು ಹರಿಯಿತು. ಹೊಲವಾಗಲಿ ಕಂಪನಿಯಾಗಲಿ, ಕೇಳದ ಅಹವಾಲು ಕರಗಿ ಹೋಗುವುದಿಲ್ಲ, ಹೆಪ್ಪುಗಟ್ಟುವುದು.

ಕಂಪನಿಗಳಲ್ಲಿರುವ ನಮ್ಮ ತರುಣರಿಗೆ ಒಂದು ಮಾತು. ಹಳ್ಳಿಯ ಶಾಲೆಯಿಂದ ಬಂದವನೆಂದು, ಇಂಗ್ಲಿಷು ತಡವರಿಸುವುದೆಂದು, ಸಭೆಯಲ್ಲಿ ಕಂಡ ದೋಷವನ್ನು ನುಂಗಿಕೊಳ್ಳಬೇಡಿರಿ. ಸತ್ಯಕ್ಕೆ ಉಚ್ಚಾರದ ಕುಂದಿಲ್ಲ. ನೀವು ನಾಳೆ ಮೇಲಧಿಕಾರಿಗಳಾದಾಗ, ಕೆಟ್ಟ ಸುದ್ದಿಯನ್ನು ತಂದವನಿಗೆ ಮೊದಲು ಕುಳಿತುಕೊಳ್ಳಲು ಹೇಳಿರಿ. ತಪ್ಪು ಯಾರದೆಂದು ಕೇಳುವ ಮುನ್ನ ಎಳೆ ಎಲ್ಲಿ ಹರಿಯಿತೆಂದು ಕೇಳಿರಿ. ತಂದೆತಾಯಿಗಳೇ, ಮಗನಿಗೆ ಫೋನು ಮಾಡಿದಾಗ ಸಂಬಳದ ಜೊತೆಗೆ ನಿದ್ರೆಯನ್ನೂ ವಿಚಾರಿಸಿರಿ. ಕೆಲಸ ಬಿಟ್ಟು ಬಂದವನನ್ನು ಮನೆಯ ಮಾನ ಕಳೆದನೆಂದು ಹಳಿಯಬೇಡಿರಿ.

ಕೊನೆಯದಾಗಿ ನಮ್ಮ ಮಾತು. ಮಠದ ಕಚೇರಿ, ಪಾಠಶಾಲೆ, ದಾಸೋಹದ ಅಡುಗೆಮನೆ, ಇವೂ ಕಾಯಕಸ್ಥಾನಗಳೇ. ಕಸ ಗುಡಿಸುವ ತಾಯಿಯೂ ರೊಟ್ಟಿ ಬಡಿಯುವ ತಾಯಿಯೂ ಇಲ್ಲಿ ಇಂಥದು ಸರಿಯಿಲ್ಲವೆಂದು ಹೇಳಿದರೆ ಪಂಡಿತರಾದ ನಾವು ಕೇಳುವೆವೇ? ಈ ಪ್ರಶ್ನೆಯನ್ನು ನಮಗೆ ಹಾಕಿಕೊಳ್ಳದೆ ಕಂಪನಿಗಳಿಗೆ ಉಪದೇಶ ಮಾಡುವ ಅಧಿಕಾರವು ನಮಗಿಲ್ಲ. ಶ್ರೀಮಠದ ಈ ಮಹೋತ್ಸವದಲ್ಲಿ ಮೊದಲು ನಮ್ಮ ಕಿವಿಗಳು ತೆರೆಯಲೆಂದು ಗುರುಲಿಂಗಜಂಗಮರಲ್ಲಿ ಬೇಡಿಕೊಂಡು ವಿರಮಿಸುವೆನು.