ಸಮವಸ್ತ್ರವಿಲ್ಲದವರ ಲೆಕ್ಕ

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಪೈಕಿ ಯಾರ ಸೈನ್ಯ ಎಷ್ಟು ದೊಡ್ಡದಿತ್ತು ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರ ಸಿದ್ಧವಾಗಿದೆ. ಸೋವಿಯತ್ ಒಕ್ಕೂಟ ಮೂರು ಕೋಟಿಗೂ ಹೆಚ್ಚು ಜನರನ್ನು ಸೇನೆಗೆ ಸೇರಿಸಿತು, ಅಮೆರಿಕ ಸುಮಾರು 1.6 ಕೋಟಿ, ಕೆನಡಾ ಸುಮಾರು 11 ಲಕ್ಷ. 1939ರಲ್ಲಿ 2 ಲಕ್ಷದ ಆಸುಪಾಸಿನಲ್ಲಿದ್ದ ಭಾರತೀಯ ಸೇನೆ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷ ಮುಟ್ಟಿತ್ತು, ಅದೂ ಕಡ್ಡಾಯ ಭರ್ತಿಯಿಲ್ಲದೆ. ಆದರೆ ಇದೇ ಅಂಕಿಯನ್ನು ಜನಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದವರು ಬೇರೆಯೇ ಮಾತಾಡುತ್ತಾರೆ. ಕೆನಡಾದಲ್ಲಿ ಹೆಚ್ಚುಕಡಿಮೆ ಹತ್ತು ಜನರಿಗೆ ಒಬ್ಬ ಸಮವಸ್ತ್ರ ತೊಟ್ಟ. 1941ರ ಜನಗಣತಿಯಲ್ಲಿ 38 ಕೋಟಿ ದಾಟಿದ್ದ ಭಾರತದಲ್ಲಿ ನೂರೈವತ್ತಕ್ಕೆ ಒಬ್ಬ. ಹಾಗಾಗಿ ಭಾರತದ ಪಾಲು ಚಿಕ್ಕದು ಎನ್ನುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಬೆಂಗಳೂರಿನ ಈ ದೊಡ್ಡನೆಕ್ಕುಂದಿಯ ಮಗ್ಗುಲಲ್ಲೇ ಇದೆ.

ಇಲ್ಲಿನ ವಿಮಾನ ಕಾರ್ಖಾನೆ, ಇಂದಿನ ಎಚ್‌ಎಎಲ್, ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯಾಗಿ. ವಿಮಾನ ತಯಾರಿಸುವ ಕನಸು ಯುದ್ಧದ ಒತ್ತಡದಲ್ಲಿ ದುರಸ್ತಿ ಕೆಲಸಕ್ಕೆ ತಿರುಗಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಬರ್ಮಾ, ಚೀನಾ ಕಡೆಯ ಯುದ್ಧದಲ್ಲಿ ದಣಿದ ವಿಮಾನಗಳ ಎಂಜಿನ್‌ಗಳು ಇಲ್ಲಿ ಬಿಚ್ಚಿ ಜೋಡಣೆಯಾದವು; ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೇ ಬಂದಿಳಿದವು. ಈಗ ಆ ದುರಸ್ತಿ ಷೆಡ್ಡಿನೊಳಗಿನ ಲೆಕ್ಕ ನೋಡಿ. ಅಮೆರಿಕದ ವಾಯುಪಡೆ ಆಗ ಅಲ್ಲಿನ ಭೂಸೇನೆಯದೇ ಅಂಗ. ಆದ್ದರಿಂದ ಇಲ್ಲಿ ಸ್ಪ್ಯಾನರ್ ಹಿಡಿದ ಅಮೆರಿಕನ್ ಮೆಕ್ಯಾನಿಕ್ ಆ ದೇಶದ ಸೈನ್ಯದ ಸಂಖ್ಯೆಯೊಳಗೆ ಬಂದ. ಅದೇ ಎಂಜಿನ್‌ನ ಇನ್ನೊಂದು ಬದಿಯಲ್ಲಿ ನಿಂತ ಬೆಂಗಳೂರಿನ ಫಿಟ್ಟರ್ ಕಂಪನಿಯ ನೌಕರ. ಅವನು ಯಾವ ಸೈನ್ಯದ ಸಂಖ್ಯೆಯಲ್ಲೂ ಇಲ್ಲ.

ಕಾರ್ಖಾನೆಯವರನ್ನೆಲ್ಲ ಎಣಿಸಹೊರಟರೆ ಅಮೆರಿಕದ ಡೆಟ್ರಾಯಿಟ್‌ನ ಕಾರ್ಖಾನೆಗಳ ಕೆಲಸಗಾರರನ್ನೂ ಎಣಿಸಬೇಕು, ಲೆಕ್ಕಕ್ಕೆ ಕೊನೆಯೇ ಇರದು ಎಂಬ ಆಕ್ಷೇಪ ಬರುತ್ತದೆ. ಅದು ಸರಿಯಾದ ಆಕ್ಷೇಪವೇ. ಆದರೆ ನಾನು ಎಲ್ಲ ಕಾರ್ಮಿಕರನ್ನು ಸೇರಿಸಿ ಎನ್ನುತ್ತಿಲ್ಲ. ಒಂದು ದೇಶ ಯಾವ ಕೆಲಸವನ್ನು ಸೈನಿಕನದೆಂದು ಎಣಿಸಿತೋ ಅದೇ ಕೆಲಸ ಮಾಡಿದವರನ್ನು ಇನ್ನೊಂದು ದೇಶದ ಲೆಕ್ಕದಲ್ಲೂ ಎಣಿಸಬೇಕು ಎನ್ನುತ್ತಿದ್ದೇನೆ. ಸಾವಿಗೆ ಎದೆಯೊಡ್ಡಿದವನೇ ಸೈನಿಕ ಎಂದು ಕೆಲವರು ವಾದಿಸಬಹುದು. ಹಾಗಾದರೆ ಬೆಂಗಳೂರಿನಲ್ಲಿದ್ದ ಅಮೆರಿಕನ್ ಮೆಕ್ಯಾನಿಕ್‌ಗೂ ಗುಂಡಿಗೂ ಇದ್ದ ದೂರ ನಮ್ಮ ಫಿಟ್ಟರ್‌ಗೆ ಇದ್ದಷ್ಟೇ.

ಶೇಕಡಾವಾರು ಲೆಕ್ಕದಲ್ಲಿ ಇನ್ನೂ ಆಳದ ತೊಡಕೊಂದಿದೆ. ಅದು ಪ್ರತಿ ಅಂಕಿಯ ಹಿಂದೆಯೂ ಒಂದು ರಾಷ್ಟ್ರದ ಇಚ್ಛೆ ಇದೆಯೆಂದು ನಂಬುತ್ತದೆ. ಕೆನಡಾ ತನ್ನ ಸಂಸತ್ತಿನಲ್ಲಿ ಚರ್ಚಿಸಿ 1939ರ ಸೆಪ್ಟೆಂಬರ್ 10ರಂದು ಯುದ್ಧಕ್ಕಿಳಿಯಿತು. ಭಾರತವನ್ನು ಸೆಪ್ಟೆಂಬರ್ 3ರಂದೇ ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ನಾಯಕರನ್ನು ಕೇಳದೆ ಯುದ್ಧಕ್ಕೆ ಇಳಿಸಿದ. ಕೇಳದೇ ಎಳೆದ ಜನರ ಉತ್ಸಾಹವನ್ನು ಕೇಳಿ ಒಪ್ಪಿದವರ ಉತ್ಸಾಹದ ಜೊತೆ ತೂಗಿ, ಕಡಿಮೆ ಬಿತ್ತು ಎನ್ನುವುದು ಅನ್ಯಾಯ. ತೂಗಲೇಬೇಕೆಂದರೆ ಮೊದಲು ತಟ್ಟೆಗಳನ್ನು ಸಮಮಾಡಿಕೊಳ್ಳಿ: ಅಮೆರಿಕದ 1.6 ಕೋಟಿಯಿಂದ ದುರಸ್ತಿ ಷೆಡ್ಡುಗಳ ಮೆಕ್ಯಾನಿಕ್‌ಗಳನ್ನು ಕಳೆಯಿರಿ, ಇಲ್ಲವೇ ನಮ್ಮ 25 ಲಕ್ಷಕ್ಕೆ ಎಚ್‌ಎಎಲ್‌ನ ಫಿಟ್ಟರುಗಳನ್ನು ಕೂಡಿಸಿ.