ಕೇಳಿಸದವರಿಗೂ ಖುತ್ಬಾ
ಕುರೈಶ್ ಪ್ರಮುಖರ ಜೊತೆ ಮಾತಿನಲ್ಲಿದ್ದಾಗ ಕಲಿಯಲು ಬಂದ ಅಂಧ ಸಹಾಬಿ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ)ರ ವಿಷಯದಲ್ಲಿ ಪ್ರವಾದಿವರ್ಯರನ್ನೇ(ಸ) ಎಚ್ಚರಿಸಿ ಸೂರಾ ಅಬಸ ಅವತೀರ್ಣವಾಯಿತು. ನಮ್ಮ ಸಫ್‌ಗಳಲ್ಲಿ ಕಿವುಡ ಸಹೋದರರಿದ್ದಾರೆ. ಖುತ್ಬಾ ಮುಗಿಯುವವರೆಗೆ ಸುಮ್ಮನೆ ಕೂತಿರುತ್ತಾರೆ.

ಮಾನ್ವಿಯ ಯುವಕನೊಬ್ಬನಿಗೆ ಖುತ್ಬಾದ ಸಾರಾಂಶವನ್ನು ಉರ್ದುವಿನಲ್ಲಿ ಬರೆದುಕೊಟ್ಟೆ. ನಕ್ಕು, ಮೊಬೈಲಿನಲ್ಲಿ ತೋರಿಸಿದ: ‘ಇಂಗ್ಲಿಷಿನಲ್ಲಿ ಕೊಡಿ, ನಾನು ಓದಿದ್ದು ಅದನ್ನೇ.’ ಮನೆಮಾತು ಉರ್ದುವಾದರೂ ಅದು ಅವನ ಕಿವಿಗೆ ಬಿದ್ದೇ ಇಲ್ಲ. ಇಷ್ಟು ನನಗೆ ಹೊಳೆಯಲಿಲ್ಲ!

ಸಂಜ್ಞೆಯೋ, ಕನ್ನಡವೋ, ಇಂಗ್ಲಿಷೋ, ಅವರನ್ನೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಸಂಜ್ಞಾಭಾಷೆಯನ್ನು ಸಂವಹನವೆಂದೇ ಪರಿಗಣಿಸಿದೆ. ರಾಯಚೂರು, ದೇವದುರ್ಗ, ಮಾನ್ವಿಯ ಮಸೀದಿ ಕಮಿಟಿಗಳು ಸಾರಾಂಶವನ್ನು ಗುರುವಾರವೇ ಅವರವರ ಭಾಷೆಯಲ್ಲಿ ವಾಟ್ಸಾಪ್ ಮಾಡಲಿ. ನಿಕಾಹ್‌ನಲ್ಲಿಯೂ ಅಷ್ಟೇ: ಮಹರ್ ಎಷ್ಟೆಂದು ಬರೆದು ತೋರಿಸಿ. ಒಪ್ಪಿಗೆಯನ್ನು ಅಣ್ಣನಿಂದ ಪಡೆಯಬೇಡಿ, ವರನಿಂದಲೇ ಪಡೆಯಿರಿ.